ಮುದ್ರಣಯಂತ್ರದ ಹೊಂದಾಣಿಕೆ ಮತ್ತು ಕನ್ನಡ ಅಕ್ಷರಗಳ ಸ್ಪಷ್ಟತೆ

ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಜತ್ತ ಮುಂತಾದೆಡೆಗಳ ಕನ್ನಡ ಶಾಲೆಗಳಲ್ಲಿ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನೂ ಅಭ್ಯಾಸದ ಹಾಳೆಗಳನ್ನೂ ಶಿಕ್ಷಕರೇ ಸಿದ್ಧಪಡಿಸಿ ಮುದ್ರಿಸಿಕೊಳ್ಳಬೇಕಾದ ಸಂದರ್ಭಗಳುಂಟು. ಮುದ್ರಿಸಿಕೊಡುವ ಅಂಗಡಿಯವರಿಗೆ ಕನ್ನಡ ಲಿಪಿ ಬಾರದಿದ್ದರೆ ಅಕ್ಷರ ಕೆಟ್ಟಿರುವುದು ಅವರ ಗಮನಕ್ಕೆ ಬರುವುದಿಲ್ಲ. ಹಾಳೆ ಮಲಯಾಳದಲ್ಲೋ ಮರಾಠಿಯಲ್ಲೋ ಇದ್ದಿದ್ದರೆ ಅವರೇ ಕಂಡು ತಿದ್ದುತ್ತಿದ್ದರು. ಆದುದರಿಂದ ಯಂತ್ರದ ಹೊಂದಾಣಿಕೆಯನ್ನು ಶಿಕ್ಷಕರು ಅರಿತಿರುವುದು ಅವಶ್ಯಕ.

‘ದನ’ ಮತ್ತು ‘ಧನ’ ಎಂಬ ಪದಗಳನ್ನು ಬೇರ್ಪಡಿಸುವುದು ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು. ಬ–ಭ, ಡ–ಢ, ಪ–ಫ ಜೋಡಿಗಳ ಸ್ಥಿತಿಯೂ ಇದೇ. ಟೋನರ್ ಉಳಿತಾಯದ ‘ಡ್ರಾಫ್ಟ್’ ಆಯ್ಕೆಯಲ್ಲಿ ಮುದ್ರಿಸಿದಾಗ ಈ ಸೀಳು ಮಾಸಿಹೋಗುತ್ತದೆ. ಕಪ್ಪನ್ನು ಮಿತಿಮೀರಿ ಹೆಚ್ಚಿಸಿದರೆ ಒತ್ತಕ್ಷರಗಳ ಒಳಗಿನ ಬಿಳುಪು ಮುಚ್ಚಿಹೋಗುತ್ತದೆ. ಮಗು ‘ಧನ’ವನ್ನು ‘ದನ’ವೆಂದು ಓದಿ ಉತ್ತರಿಸಿದರೆ ದೋಷ ಹಾಳೆಯದು, ಕಳೆಯುವ ಅಂಕ ಮಾತ್ರ ಮಗುವಿನದು. ಪ್ರಶ್ನೆಪತ್ರಿಕೆಗಾದರೂ ಉಳಿತಾಯದ ಆಯ್ಕೆಯನ್ನು ತೆಗೆದು, ಲೇಸರ್ ಯಂತ್ರದಲ್ಲಿ 600 ಡಿಪಿಐ ಇರಿಸಬೇಕು. ಅಕ್ಷರದ ಗಾತ್ರ 14 ಪಾಯಿಂಟಿಗಿಂತ ಕಡಿಮೆಯಾಗದಿರುವುದು ಲೇಸು. ಕಾಗದ ಉಳಿಸಲೆಂದು ಸಾಲುಗಳ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂದು ಬಿಗಿಗೊಳಿಸಿದರೆ ಗುಡಿಸೋ ಒತ್ತಕ್ಷರವೋ ಕತ್ತರಿಸಿಹೋಗಬಹುದು.

ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಡತ, ಆ ಫಾಂಟು ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಪಿಡಿಎಫ್ ಮಾಡಿ ಒಯ್ದರೆ ಈ ತೊಡಕಿಲ್ಲ.

ಆದರೆ ಪಿಡಿಎಫ್‌ನಲ್ಲಿ ಬೇರೊಂದು ಅಪಾಯವಿದೆ. ಲೀಗಲ್ ಹಾಳೆಗೆ (216 × 356 ಮಿ.ಮೀ.) ಹೊಂದಿಸಿದ ಪುಟವನ್ನು ‘ಫಿಟ್’ ಆಯ್ಕೆಯಲ್ಲಿ ಎ4 ಹಾಳೆಯ (210 × 297 ಮಿ.ಮೀ.) ಮೇಲೆ ಮುದ್ರಿಸಿದರೆ ಎಲ್ಲವೂ ಸುಮಾರು ಶೇಕಡ 83ಕ್ಕೆ ಕುಗ್ಗುತ್ತದೆ. 14 ಪಾಯಿಂಟಿನ ಅಕ್ಷರ 12ಕ್ಕಿಂತ ಕೆಳಗಿಳಿಯುತ್ತದೆ. ‘ರೇಖಾಖಂಡವನ್ನು ಅಳೆದು ಬರೆಯಿರಿ’ ಎಂಬ ಪ್ರಶ್ನೆಯಲ್ಲಿ 10 ಸೆಂ.ಮೀ. ಗೆರೆ 8.3 ಸೆಂ.ಮೀ. ಆಗಿರುತ್ತದೆ, ಸರಿಯಾಗಿ ಅಳೆದ ಮಗುವಿನ ಉತ್ತರ ಮಾದರಿ ಉತ್ತರಕ್ಕೆ ಹೊಂದುವುದಿಲ್ಲ! ಮೊದಲೇ ಎ4 ಪುಟವನ್ನು ಆರಿಸಿ, ಮುದ್ರಿಸುವಾಗ ‘ಆಕ್ಚುಯಲ್ ಸೈಜ್’ ಇರಿಸಬೇಕು.

ಚಿತ್ರಗಳ ವಿಷಯದಲ್ಲಿ ಯಂತ್ರದಿಂದ ಪವಾಡವನ್ನು ನಿರೀಕ್ಷಿಸಲಾಗದು. 5 ಅಂಗುಲ ಅಗಲದ ಚಿತ್ರ 300 ಡಿಪಿಐನಲ್ಲಿ ಮೂಡಬೇಕಾದರೆ ಮೂಲದ ಅಗಲ 1500 ಪಿಕ್ಸೆಲ್ ಇರಬೇಕು. ಮೊಬೈಲಿನಲ್ಲಿ ಬಂದ ಕಿರುಚಿತ್ರವನ್ನು ಹಿಗ್ಗಿಸಿದರೆ ಮಸುಕೇ ಹಿಗ್ಗುತ್ತದೆ. ಬಣ್ಣದ ಭೂಪಟವನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿದಾಗ ಹಸಿರೂ ಕೆಂಪೂ ಒಂದೇ ಬೂದುಬಣ್ಣವಾಗಬಹುದು. ಅಂತಹ ಕಡೆ ಬಣ್ಣದ ಬದಲು ಓರೆಗೆರೆ, ಚುಕ್ಕಿಗಳನ್ನು ತುಂಬಬೇಕು.

ದಪ್ಪ ಕಾಗದದ ಮೇಲೆ ಟೋನರ್ ಉಜ್ಜಿದರೆ ಉದುರುವುದಾದರೆ, ‘ಪೇಪರ್ ಟೈಪ್’ನಲ್ಲಿ ದಪ್ಪ ಕಾಗದವನ್ನು ಆರಿಸಬೇಕು. ಇಂಕ್‌ಜೆಟ್‌ನಲ್ಲಿ ಬಿಳಿಗೆರೆಗಳು ಬಂದರೆ ‘ನಾಝಲ್ ಚೆಕ್’ ಮಾಡಿ, ಅಗತ್ಯವಿದ್ದರೆ ಶುಚಿಗೊಳಿಸಬೇಕು. ಪದೇ ಪದೇ ಶುಚಿಗೊಳಿಸುವುದರಿಂದ ಶಾಯಿ ವ್ಯರ್ಥ.

ಹೆಚ್ಚಿನ ಪ್ರತಿಗಳನ್ನು ಜೆರಾಕ್ಸ್ ಮಾಡಿಸುವುದಾದರೆ ಮೂಲ ಮುದ್ರಣವನ್ನೇ ಕೊಡಬೇಕು, ಪ್ರತಿಯ ಪ್ರತಿಯನ್ನಲ್ಲ. ಬರಹವಷ್ಟೇ ಇರುವ ಪುಟಕ್ಕೆ ‘ಟೆಕ್ಸ್ಟ್’, ಛಾಯಾಚಿತ್ರವೂ ಇದ್ದರೆ ‘ಟೆಕ್ಸ್ಟ್/ಫೋಟೊ’ ಆಯ್ಕೆ ಸೂಕ್ತ. ಮೊದಲ ಪ್ರತಿ ಹೊರಬಂದೊಡನೆ ಮಹಾಪ್ರಾಣಗಳಿರುವ ಒಂದು ಸಾಲನ್ನು ಅಲ್ಲಿಯೇ ಓದಿ ನೋಡಿ, ಬಳಿಕ ಉಳಿದ ಪ್ರತಿಗಳಿಗೆ ಒಪ್ಪಿಗೆ ಕೊಡಬೇಕು.