ಗುಂಡುಕಲ್ಲು, ಬಾರ್‌ಬೆಲ್ ಮತ್ತು ಗರಡಿ

ಪುತ್ತೂರು, ಸುಳ್ಯ, ಕಡಬದ ಜನರಿಗೆ ಗರಡಿಯೆಂದರೆ ಮೊದಲು ತುಳುನಾಡಿನ ವೀರರಾದ ಕೋಟಿ–ಚೆನ್ನಯರ ಆರಾಧನಾ ಸ್ಥಳ. ಅವರ ಕಥೆ ಹೇಳುವ ಪಾಡ್ದನದ (ತುಳು ಜನಪದ ಹಾಡಿನ) ಪಡುಮಲೆ ಪುತ್ತೂರಿನದೇ. ಬಯಲುಸೀಮೆಯಲ್ಲಿ ಅದು ಕುಸ್ತಿಯ ಮನೆ. ಅಲ್ಲಿನ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ ಪಂದ್ಯವೂ ಉಂಟು. ಹಿಡಿಕೆಯಿಲ್ಲದ ಕಲ್ಲನ್ನು ತೊಡೆಗೇರಿಸಿ, ಎದೆಗವಚಿ, ಹೆಗಲಿಗೆ ತರಬೇಕು. ಬೆನ್ನು, ಹಿಡಿತ, ಉಸಿರು ಮೂರಕ್ಕೂ ಒಟ್ಟಿಗೆ ಪರೀಕ್ಷೆ. ಒಲಿಂಪಿಕ್ಸ್‌ನ ಬಾರ್‌ಬೆಲ್ ಎತ್ತುವ ಸ್ಪರ್ಧೆ ಮಾತ್ರ 1972ರ ನಂತರ ಪ್ರೆಸ್ (ತೋಳಬಲದಿಂದ ತಲೆಯ ಮೇಲಕ್ಕೆ ಒತ್ತಿ ಎತ್ತುವುದು) ಕೈಬಿಟ್ಟು ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎರಡನ್ನೇ ಉಳಿಸಿಕೊಂಡಿತು. ಹಾಗಾಗಿ ಸರ್ವಾಂಗ ಬಲದ ಸ್ಪರ್ಧೆಯನ್ನು ಕಾಪಾಡಿದ್ದು ಊರಿನ ಕಣವೇ ಎನ್ನಬೇಕು. ಊರೂರಿಗೆ ಕಲ್ಲು ಬೇರೆ, ದಾಖಲೆ ಹೋಲಿಸಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಕುಂದಾಪುರದ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ (56 ಕೆ.ಜಿ. ವಿಭಾಗ) ಒಟ್ಟು 249 ಕೆ.ಜಿ. ಎತ್ತಿ ಗೆದ್ದ ಬೆಳ್ಳಿಗೆ ಬೆಲೆ ಬಂದದ್ದು ಬಾರ್‌ಬೆಲ್‌ನ ಏಕರೂಪದ ಅಳತೆಯಿಂದ. ಆದರೆ ಕಲ್ಲನ್ನೂ ತೂಗಿ ಬರೆದಿಡಬಹುದು; ಊರವರೆಲ್ಲ ಸುತ್ತ ನಿಂತು ಹುರಿದುಂಬಿಸುವ ಕಣವನ್ನು ಜಿಮ್ ಕಟ್ಟಿಕೊಡಲಾರದು.