ಬಣ್ಣದ ಕಾವಲಿಗೆ ತಿಂಗಳಿಗೆಷ್ಟು?

ಹೊಸ ಕಾರಿನ ಕೊಟೇಶನ್ನಿನಲ್ಲಿ ಎಕ್ಸ್-ಶೋರೂಂ ಬೆಲೆ, ರಸ್ತೆ ತೆರಿಗೆ, ವಿಮೆ ಎಲ್ಲ ಮುಗಿದ ಮೇಲೆ ಕೆಳಗೊಂದು ಸಾಲು ಇರುತ್ತದೆ: ಪೇಂಟ್ ಪ್ರೊಟೆಕ್ಷನ್. ನನಗೆ ಸಿಕ್ಕ ಹಾಳೆಯಲ್ಲಿ ಅದರ ಮುಂದೆ 25,000 ರೂಪಾಯಿ ಎಂದು ಬರೆದಿತ್ತು. ಬೇಡ ಎಂದೆ. "ಲೋನ್‌ಗೇ ಸೇರಿಸಿಬಿಡ್ತೀವಿ ಮೇಡಂ, ತಿಂಗಳಿಗೆ ನಾನೂರು ರೂಪಾಯಿ ಬರತ್ತೆ ಅಷ್ಟೆ" ಎಂದ ಮಾರಾಟದ ಹುಡುಗ. ಆ ನಾನೂರು ರೂಪಾಯಿಯನ್ನು ಬಿಡಿಸಿ ನೋಡೋಣ.

ಏಳು ವರ್ಷದ ಸಾಲ, ಶೇ 9ರ ಬಡ್ಡಿ ಎಂದುಕೊಂಡರೆ 25,000 ರೂಪಾಯಿಗೆ ಕಂತು ಸುಮಾರು 402. ಸಾಲ ತೀರುವ ಹೊತ್ತಿಗೆ ಕಟ್ಟಿದ್ದು 33,800ರ ಆಸುಪಾಸು. ಪೇಂಟ್ ಪ್ರೊಟೆಕ್ಷನ್ ಎಂದು ಕಾರಿಗೆ ಹಾಕುವ ಸಿರಾಮಿಕ್ ಕೋಟಿಂಗ್ ಬೀದಿಯಲ್ಲಿ ನಿಲ್ಲುವ ಗಾಡಿಯ ಮೇಲೆ ಎರಡು ಮೂರು ವರ್ಷ ಚೆನ್ನಾಗಿ ಉಳಿದರೆ ಹೆಚ್ಚು. ಅಂದರೆ ಆ ಪದರ ಸವೆದುಹೋದ ಮೇಲೂ ನಾಲ್ಕು ವರ್ಷ ಅದರ ಕಂತು ಕಟ್ಟುತ್ತಲೇ ಇರುತ್ತೇವೆ. ಸವೆದು ಹೋಗುವ ವಸ್ತುವನ್ನು ಅದರ ಆಯಸ್ಸಿಗಿಂತ ಉದ್ದದ ಸಾಲದಲ್ಲಿ ಕೊಳ್ಳಬಾರದು. ಕಾರಿನ ಬಣ್ಣದ ವಿಷಯದಲ್ಲಿ ನಾನು ಮೊದಲು ಹೇಳುವ ಮಾತು ಇದೇ.

ಹಾಗೆಂದು ಬಣ್ಣಕ್ಕೆ ರಕ್ಷಣೆಯೇ ಬೇಡ ಎಂದಲ್ಲ. ಕಾರಿನ ಮೇಲೆ ನಮಗೆ ಕಾಣುವ ಹೊಳಪು ಬಣ್ಣದ್ದಲ್ಲ. ಬಣ್ಣದ ಮೇಲಿರುವ ಪಾರದರ್ಶಕ ಪದರದ್ದು. ಕ್ಲಿಯರ್ ಕೋಟ್ ಎನ್ನುವ ಆ ಪದರ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ, ತಲೆಕೂದಲಿಗಿಂತಲೂ ತೆಳು. ಬಿಸಿಲಿನ ಅತಿನೇರಳೆ ಕಿರಣ, ಹಕ್ಕಿಯ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ, ಮರದಿಂದ ಸುರಿಯುವ ಅಂಟು, ಬೋರ್‌ವೆಲ್ ನೀರು ಆರಿದಾಗ ಉಳಿಯುವ ಸುಣ್ಣದ ಕಲೆ, ಇವೆಲ್ಲ ಮೊದಲು ತಿನ್ನುವುದು ಅದನ್ನೇ. ನನ್ನ ಹಿಂದಿನ ಕಾರು ಬೆಂಗಳೂರಿನ ಬೀದಿಯೊಂದರಲ್ಲಿ ಹೊಂಗೆ ಮರದ ಕೆಳಗೇ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಬಾನೆಟ್ ಕೈ ಇಡಲಾಗದಷ್ಟು ಕಾದಾಗ ಹಿಕ್ಕೆ ಒಂದೇ ಮಧ್ಯಾಹ್ನದಲ್ಲಿ ಗುರುತು ಕೊರೆದುಬಿಡುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಇಲ್ಲೊಂದು ಎಚ್ಚರಿಕೆ. ಸರ್ವೀಸಿಗೆ ಬಿಟ್ಟಾಗಲೆಲ್ಲ "ರಬ್ಬಿಂಗ್ ಪಾಲಿಶ್ ಮಾಡಿಸಿ" ಎನ್ನುತ್ತಾರೆ. ಅದು ಕ್ಲಿಯರ್ ಕೋಟನ್ನು ಉಜ್ಜಿ, ಗೀರಿನ ಅಂಚು ಸವೆಸಿ, ಹೊಳಪು ತರುವ ಕೆಲಸ. ಪ್ರತಿ ಸಲವೂ ಒಂದಿಷ್ಟು ಮೈಕ್ರಾನ್ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ವ್ಯಾಕ್ಸ್ ಮತ್ತು ಸೀಲೆಂಟ್ ಏನನ್ನೂ ಉಜ್ಜಿ ತೆಗೆಯುವುದಿಲ್ಲ, ಮೇಲೊಂದು ತೆಳು ಹೊದಿಕೆ ಹಾಸುತ್ತವೆ. ಕಾವಲಿಗೆ ಎಣ್ಣೆ ಸವರಿಡುತ್ತೇವಲ್ಲ, ಹಾಗೆ. ವರ್ಷಕ್ಕೆರಡು ಸಲ ದುಡ್ಡು ಕೊಟ್ಟು ಉಜ್ಜಿಸುವುದು ಹೊಳಪಿನ ಹೆಸರಲ್ಲಿ ಆಸ್ತಿಯನ್ನೇ ಕರಗಿಸಿದಂತೆ.

ಇನ್ನು ಆಯ್ಕೆ. ಅಂಗಡಿಯಲ್ಲಿ ಸಿಗುವುದನ್ನೆಲ್ಲ ಮೂರು ಬಗೆಯಾಗಿ ನೋಡಿದರೆ ಸಾಕು. ಮೊದಲನೆಯದು ಕಾರ್ನೌಬಾ ವ್ಯಾಕ್ಸ್. ಈಶಾನ್ಯ ಬ್ರೆಜಿಲ್‌ನಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ ಇದು. ಸುಮಾರು 82ರಿಂದ 86 ಡಿಗ್ರಿಯಲ್ಲಿ ಕರಗುತ್ತದೆ, ಕಪ್ಪು, ಕೆಂಪು ಬಣ್ಣಗಳಿಗೆ ಬಹಳ ಚೆಂದದ ಆಳ ಕೊಡುತ್ತದೆ. ಆದರೆ ನಮ್ಮ ಬಿಸಿಲು ಮಳೆಗೆ ಒಂದು, ಒಂದೂವರೆ ತಿಂಗಳಷ್ಟೇ ಬಾಳುತ್ತದೆ. ಎರಡನೆಯದು ಪಾಲಿಮರ್ ಸೀಲೆಂಟ್: ಪೂರ್ತಿ ಕೃತಕ, ಹಾಲಿನಂಥ ದ್ರವ, ನಾಲ್ಕೈದು ತಿಂಗಳು ನಿಲ್ಲುತ್ತದೆ. ಮೂರನೆಯದು ಈಗ ಎಲ್ಲೆಡೆ ಸಿಗುವ ಸಿಲಿಕಾ ಬೆರೆತ ಸ್ಪ್ರೇ. ತೊಳೆದ ಮೇಲೆ ಸಿಂಪಡಿಸಿ ಒರೆಸಿದರೆ ಮುಗಿಯಿತು. ಎರಡು ಮೂರು ತಿಂಗಳ ಬಾಳಿಕೆ.

ಬೆಲೆಯನ್ನು ಡಬ್ಬಿಯ ಮೇಲೆ ನೋಡಬೇಡಿ, ವರ್ಷದ ಲೆಕ್ಕಕ್ಕೆ ತನ್ನಿ. ನಾನು ಕೊಂಡ ಬೆಲೆಯಲ್ಲೇ ಹೇಳುತ್ತೇನೆ. 600 ರೂಪಾಯಿಯ ವ್ಯಾಕ್ಸ್ ಡಬ್ಬಿ ಸಣ್ಣ ಕಾರಿಗೆ ಹತ್ತು ಸಲ ಬರುತ್ತದೆ. ಸಲಕ್ಕೆ 60 ರೂಪಾಯಿ ಎಂದರೆ ಅಗ್ಗವೇ. ಆದರೆ ವರ್ಷಕ್ಕೆ ಎಂಟು ಸಲ ಹಚ್ಚಬೇಕು. 480 ರೂಪಾಯಿಯ ಜೊತೆಗೆ ಸಲಕ್ಕೆ ಒಂದೂವರೆ ಗಂಟೆಯಂತೆ ಹನ್ನೆರಡು ಗಂಟೆ ದುಡಿಮೆ. 1,500 ರೂಪಾಯಿಯ ಸೀಲೆಂಟ್ ಬಾಟಲಿ ಹದಿನೈದು ಸಲ ಬರುತ್ತದೆ. ವರ್ಷಕ್ಕೆ ಮೂರು ಸಲ ಸಾಕು. 300 ರೂಪಾಯಿ, ನಾಲ್ಕೂವರೆ ಗಂಟೆ. ಸಾವಿರ ರೂಪಾಯಿಯ ಸ್ಪ್ರೇ ಹತ್ತು ಸಲ ಬರುತ್ತದೆ. ವರ್ಷಕ್ಕೆ ಐದು ಸಲ ಬಳಸಿದರೆ 500 ರೂಪಾಯಿ, ಸಮಯ ಒಟ್ಟು ಎರಡು ಗಂಟೆಗೂ ಕಡಿಮೆ. ಮೂರು ವರ್ಷ ಬಾಳುವ 25,000ದ ಕೋಟಿಂಗ್ ವರ್ಷಕ್ಕೆ 8,300 ದಾಟುತ್ತದೆ, ಬಡ್ಡಿ ಬಿಟ್ಟು.

ಈ ಲೆಕ್ಕದಿಂದ ನಾನು ಗಟ್ಟಿ ಮಾಡಿಕೊಂಡ ಪದ್ಧತಿ ಸರಳ. ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ ಪಾಲಿಮರ್ ಸೀಲೆಂಟ್. ನಡುವೆ ಪುರುಸೊತ್ತಿದ್ದಾಗ, ತೊಳೆದ ದಿನ, ಸ್ಪ್ರೇ. ವರ್ಷಕ್ಕೆ ಐನೂರು ರೂಪಾಯಿಯೊಳಗೆ ಮುಗಿಯುತ್ತದೆ. ಬಾಳಿಕೆಯಷ್ಟೇ ಹಚ್ಚುವ ಸುಲಭವೂ ಮುಖ್ಯ. ಒರೆಸಲು ರಟ್ಟೆ ನೋಯಿಸುವ ವ್ಯಾಕ್ಸ್ ಎಷ್ಟೇ ಒಳ್ಳೆಯದಿರಲಿ, ಎರಡನೇ ಸಲಕ್ಕೆ ಅದು ಕಪಾಟಿನಿಂದ ಹೊರಗೆ ಬರುವುದಿಲ್ಲ. ಬಳಸದೆ ಉಳಿದ ಡಬ್ಬಿಗಿಂತ ದುಬಾರಿ ವಸ್ತು ಇನ್ನೊಂದಿಲ್ಲ.

ಹಚ್ಚುವಾಗ ಕೆಲವು ಮಾತು ನೆನಪಿರಲಿ. ಗಾಡಿ ನೆರಳಿನಲ್ಲಿರಬೇಕು, ಲೋಹ ತಣ್ಣಗಿರಬೇಕು. ತೊಳೆದು ಆರಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ತರಿತರಿ ಎನಿಸಿದರೆ ಧೂಳು, ಅಂಟು ಹಿಡಿದು ಕೂತಿದೆ ಎಂದರ್ಥ. ಕ್ಲೇ ಬಾರ್ ಎಂಬ ಮೆತ್ತನೆಯ ಮುದ್ದೆಯಿಂದ, ಧಾರಾಳ ಸೋಪುನೀರು ಹಾಕಿ ಅದನ್ನು ತೆಗೆದ ಮೇಲೇ ಸೀಲೆಂಟ್. ಒಂದೊಂದೇ ಭಾಗ ಹಿಡಿದು ಆದಷ್ಟು ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ಹೆಚ್ಚು ಬಾಳುವುದಿಲ್ಲ, ಒರೆಸುವ ಕೆಲಸ ಮಾತ್ರ ಹೆಚ್ಚುತ್ತದೆ. ಬಂಪರಿನ ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ಕಿಗೆ ತಾಗದಿರಲಿ, ಬಿಳಿ ಕಲೆ ಉಳಿಯುತ್ತದೆ. ಸೀಲೆಂಟ್ ಹಿಡಿದುಕೊಳ್ಳಲು ಕೆಲವು ಗಂಟೆ ನೀರು ಬೀಳಬಾರದು. ಬೆಂಗಳೂರಿನ ಮೇ ತಿಂಗಳಲ್ಲಿ ಸಂಜೆ ಮಳೆ ಯಾವಾಗ ಬೇಕಾದರೂ ಬರುತ್ತದೆ, ಆದ್ದರಿಂದ ನಾನು ಬೆಳಿಗ್ಗೆಯೇ, ಸೂರಿನ ಕೆಳಗೆ ಹಚ್ಚುತ್ತೇನೆ.

ಇದೆಲ್ಲಕ್ಕಿಂತ ಹೆಚ್ಚು ಬಣ್ಣ ಉಳಿಸುವುದು ದಿನದ ಒರೆಸುವಿಕೆ. ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಒಬ್ಬ ಹುಡುಗ ಬಂದು ಸಾಲಾಗಿ ನಿಂತ ಕಾರುಗಳನ್ನೆಲ್ಲ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಒರೆಸುತ್ತಿದ್ದ. ಮೊದಲ ಕಾರಿನ ಮರಳು ಹತ್ತನೆಯದರ ಮೇಲೆ ಗೀರು ಎಳೆಯುತ್ತದೆ. ಬಿಸಿಲಿನಲ್ಲಿ ಬಾನೆಟ್ ಮೇಲೆ ಜೇಡರ ಬಲೆಯಂತೆ ಕಾಣುವ ಗೀರುಗಳು ಹುಟ್ಟುವುದು ಹೆಚ್ಚಾಗಿ ಹೀಗೆಯೇ. ಅವನಿಗೆ ನಮ್ಮ ಗಾಡಿಗೆಂದೇ ಬೇರೆ ಬಕೆಟ್, ಎರಡು ಮೈಕ್ರೋಫೈಬರ್ ಬಟ್ಟೆ, ಒಂದು ಕಾರ್ ಶಾಂಪೂ ಕೊಟ್ಟೆ. "ಅಕ್ಕಾ, ದಿನಾ ಒರೆಸಬೇಕಲ್ವಾ?" ಎಂದ. "ಬೇಡಪ್ಪ, ವಾರಕ್ಕೆರಡು ಸಲ ನೀರು ಹುಯ್ದು ತೊಳಿ, ದುಡ್ಡು ಅಷ್ಟೇ ಕೊಡ್ತೀನಿ" ಎಂದೆ. ಅವನಿಗೂ ಕೆಲಸ ಹಗುರಾಯಿತು. ಬಟ್ಟೆ ಒಗೆಯುವ ಪುಡಿಯನ್ನೂ ಪಾತ್ರೆ ತಿಕ್ಕುವ ಸೋಪನ್ನೂ ಗಾಡಿಯ ಹತ್ತಿರ ತರಬೇಡಿ. ಹಚ್ಚಿದ ವ್ಯಾಕ್ಸನ್ನು ಅವು ಕಿತ್ತು ಹಾಕುತ್ತವೆ.

ಮಾರುವವರ ಕೆಲವು ಮಾತುಗಳನ್ನೂ ತೂಗಿ ನೋಡಬೇಕು. ಸಿರಾಮಿಕ್ಕಿನ ಮೇಲೆ ಬರೆದಿರುವ 9ಎಚ್ ಎಂಬುದು ಪೆನ್ಸಿಲ್ಲುಗಳಿಂದ ಗೀರಿ ಅಳೆಯುವ ಗಡಸುತನ, ವಜ್ರ ಇರುವ ಅಳತೆಗೋಲಿನದ್ದಲ್ಲ. ಬೈಕಿನ ಹ್ಯಾಂಡಲ್ ತಾಗಿದರೆ, ರಸ್ತೆಯ ಕಲ್ಲು ಸಿಡಿದರೆ ಅದೂ ತಡೆಯುವುದಿಲ್ಲ. ಟೆಫ್ಲಾನ್ ಕೋಟಿಂಗ್ ಎನ್ನುತ್ತಾರೆ. ಬಾಣಲೆಗೆ ಟೆಫ್ಲಾನ್ ಕೂರಿಸಲು 300 ಡಿಗ್ರಿ ಮೀರಿದ ಶಾಖ ಬೇಕು, ಕಾರಿನ ಬಣ್ಣ ಅದನ್ನು ತಡೆಯಲಾರದು. ಐದು ವರ್ಷದ ವಾರಂಟಿ ಎಂದರೆ ಷರತ್ತುಗಳನ್ನು ಓದಿ. ಆರು ತಿಂಗಳಿಗೊಮ್ಮೆ ಅಲ್ಲಿಗೇ ಹೋಗಿ ದುಡ್ಡು ಕೊಟ್ಟು ನಿರ್ವಹಣೆ ಮಾಡಿಸಬೇಕೆಂದು ಬರೆದಿರಬಹುದು. ಹಾಗಿದ್ದರೆ ಆ ಖರ್ಚನ್ನೂ 25,000ಕ್ಕೆ ಕೂಡಿಸಿಯೇ ಲೆಕ್ಕ ಹಾಕಿ.

ಕೋಟಿಂಗ್ ಯಾರಿಗೂ ಬೇಡವೇ? ಕಡುಬಣ್ಣದ ಕಾರು, ಮನೆಯೊಳಗೆ ಗ್ಯಾರೇಜು, ಏಳೆಂಟು ವರ್ಷ ಇಟ್ಟುಕೊಳ್ಳುವ ಮನಸ್ಸು, ಕೈಯಲ್ಲಿ ನಗದು, ಇವಿಷ್ಟೂ ಇದ್ದು ಸ್ವತಃ ತೊಳೆಯುವ ಪ್ರೀತಿಯಿದ್ದರೆ ಧಾರಾಳವಾಗಿ ಹಾಕಿಸಿ. ಮರುಮಾರಾಟದ ಬೆಲೆ ಏರುತ್ತದೆ ಎಂಬ ಕಾರಣಕ್ಕೆ ಮಾತ್ರ ಹಾಕಿಸಬೇಡಿ. ಐಡಿವಿ, ಅಂದರೆ ವಿಮೆಯಲ್ಲಿ ಗಾಡಿಗೆ ಕಟ್ಟುವ ಬೆಲೆ, ಗಾಡಿಯ ವಯಸ್ಸು ನೋಡಿ ಇಳಿಯುತ್ತದೆ, ಹೊಳಪು ನೋಡಿ ಅಲ್ಲ. ಹಳೆ ಕಾರು ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಮೀಟರ್ ತರುತ್ತಾರೆ. ಅವರು ಹುಡುಕುವುದು ಕಾರ್ಖಾನೆಯ ಬಣ್ಣ ಹಾಗೇ ಇದೆಯೇ, ಮತ್ತೆ ಪೇಂಟ್ ಮಾಡಿಸಿದ್ದೇ ಎಂಬುದನ್ನು. ಪೇಂಟಿಗೆ ವಿಮೆ ಕ್ಲೇಮ್ ಮಾಡಿದರೂ ಜೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಬಣ್ಣದ ಸಾಮಗ್ರಿಯ ಬೆಲೆಯಲ್ಲಿ ಅರ್ಧ ಕಳೆಯುತ್ತಾರೆ, ಜೊತೆಗೆ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ. ಹಾಗಾಗಿ ಮೂಲ ಬಣ್ಣವನ್ನು ಉಜ್ಜದೆ, ಗೀರದೆ ಉಳಿಸಿಕೊಳ್ಳುವುದೇ ದೊಡ್ಡ ಉಳಿತಾಯ.

ಕೊಟೇಶನ್ನಿನಲ್ಲಿ ಆ ಸಾಲು ಕಂಡರೆ ಹೊಡೆದುಹಾಕಿಸಿ, ಸಾಲದ ಮೊತ್ತ ಅಷ್ಟು ಇಳಿದಿದೆಯೇ ಎಂದು ಮತ್ತೊಮ್ಮೆ ನೋಡಿ. ಒಂದು ಬಾಟಲಿ ಸೀಲೆಂಟ್, ನಾಲ್ಕು ಒಳ್ಳೆಯ ಬಟ್ಟೆ, ಎರಡು ಬಕೆಟ್ ತನ್ನಿ. ಮಿಕ್ಕ ಹಣವನ್ನು ಆರ್‌ಡಿಯಲ್ಲಿ ಹಾಕಿಡಿ. ನಾಲ್ಕೈದು ವರ್ಷಕ್ಕೆ ಗಾಡಿಗೆ ಹೊಸ ಟೈರ್ ಬೇಕಾಗುತ್ತದೆ. ಸಣ್ಣ ಕಾರಿನ ನಾಲ್ಕು ಟೈರಿಗೆ ಆ ದುಡ್ಡೇ ಹೆಚ್ಚುಕಡಿಮೆ ಸಾಕು. ಮಳೆಯಲ್ಲಿ ಮನೆಮಂದಿಯನ್ನು ಕಾಯುವುದು ಟೈರು, ಬಾನೆಟ್ಟಿನ ಹೊಳಪಲ್ಲ.