ಮನೆಯ ವಸ್ತುಗಳಿಂದಲೇ ಚಾಕು ಮಸೆಯುವುದು ಹೇಗೆ?



ಒತ್ತಡದ ಪಾಠ ಮಾಡುವಾಗ ನಾನು ಪ್ರತಿ ವರ್ಷ ಚಾಕುವಿನ ಉದಾಹರಣೆಯನ್ನೇ ಕೊಡುತ್ತೇನೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ವಿಸ್ತೀರ್ಣ ಕಡಿಮೆಯಾದಷ್ಟೂ ಒತ್ತಡ ಹೆಚ್ಚು. ಎಲ್ಲರೂ ಬರೆದುಕೊಳ್ಳುತ್ತೀರಿ. ಆದರೆ ‘ನಿಮ್ಮ ಮನೆಯ ಚಾಕು ಹರಿತವಾಗಿದೆಯೇ?’ ಎಂದು ಕೇಳಿದರೆ ತರಗತಿಯಲ್ಲಿ ನಗು ಏಳುತ್ತದೆ.

ಇದು ನಕ್ಕು ಬಿಡುವ ವಿಷಯವಲ್ಲ. ಮನೆಯಲ್ಲಿ ತರಕಾರಿ ಹೆಚ್ಚುವವರ ಎಡಗೈ ಬೆರಳುಗಳನ್ನು ಒಮ್ಮೆ ನೋಡಿ. ಚಾಕು ಮೊಂಡಾದಾಗ ನಾವು ಹೆಚ್ಚು ಬಲ ಹಾಕುತ್ತೇವೆ. ಟೊಮೆಟೊ ಸಿಪ್ಪೆಯ ಮೇಲೆ ಅಲಗು ಜಾರುತ್ತದೆ, ಅಷ್ಟೂ ಬಲ ಬೆರಳಿನ ಮೇಲೆ ಬೀಳುತ್ತದೆ. ಹರಿತವಾದ ಚಾಕು ಇಟ್ಟ ಜಾಗದಲ್ಲೇ ಇಳಿಯುತ್ತದೆ.

ಒಂದು ಲೆಕ್ಕ ನೋಡೋಣ. ತರಕಾರಿಗೆ ತಾಗುವ ಅಂಚಿನ ಉದ್ದ 5 ಸೆಂ.ಮೀ., ನಾವು ಹಾಕುವ ಬಲ 10 ನ್ಯೂಟನ್ ಎಂದುಕೊಳ್ಳಿ. ಮೊಂಡು ಅಂಚಿನ ದಪ್ಪ 0.1 ಮಿ.ಮೀ. ಇದ್ದರೆ ಒತ್ತಡ 20 ಲಕ್ಷ ಪಾಸ್ಕಲ್. ಮಸೆದು ದಪ್ಪವನ್ನು 0.01 ಮಿ.ಮೀ.ಗೆ ಇಳಿಸಿದರೆ ಅದೇ ಬಲಕ್ಕೆ 2 ಕೋಟಿ ಪಾಸ್ಕಲ್, ಅಂದರೆ ವಾಯುಭಾರದ ಸುಮಾರು 200 ಪಟ್ಟು. ಕೈಯ ಶ್ರಮ ಹೆಚ್ಚಲಿಲ್ಲ, ಕೆಲಸ ಹತ್ತು ಪಟ್ಟು ಸುಲಭವಾಯಿತು.

ಯಾವುದರಿಂದ ಮಸೆಯಬಹುದು?

ನಿಯಮ ಒಂದೇ: ಉಜ್ಜುವ ವಸ್ತು ಉಕ್ಕಿಗಿಂತ ಗಟ್ಟಿಯಾಗಿರಬೇಕು, ಅದರ ಕಣಗಳು ಸಣ್ಣದಾಗಿರಬೇಕು. ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಗಡಸುತನದ ಮಾಪಕವೊಂದನ್ನು ರೂಪಿಸಿದರು. ಅದರಲ್ಲಿ ವಜ್ರಕ್ಕೆ 10, ಸ್ಫಟಿಕ ಶಿಲೆಗೆ (ಕ್ವಾರ್ಟ್ಜ್) 7. ಅಡುಗೆಮನೆಯ ಚಾಕುವಿನ ಉಕ್ಕು ಸಾಮಾನ್ಯವಾಗಿ 6ರ ಆಸುಪಾಸು. ಹಾಗಾಗಿ ಮಸೆಗಲ್ಲು ಇಲ್ಲದಿದ್ದರೂ ಅದರ ಕೆಲಸ ಮಾಡುವ ವಸ್ತು ಮನೆಯಲ್ಲೇ ಸಿಗುತ್ತದೆ.

1. ಪಿಂಗಾಣಿ ಕಪ್ಪು: ಕಪ್ಪನ್ನು ಬೋರಲು ಹಾಕಿ ತಳ ಮುಟ್ಟಿ ನೋಡಿ. ಅಲ್ಲಿನ ಉಂಗುರಕ್ಕೆ ಹೊಳಪಿನ ಲೇಪ ಇರುವುದಿಲ್ಲ, ಒರಟಾಗಿರುತ್ತದೆ. ಆ ಉಂಗುರವೇ ನಮ್ಮ ಮಸೆಗಲ್ಲು. ಸ್ಟೀಲ್ ಲೋಟ, ಪ್ಲಾಸ್ಟಿಕ್ ಮಗ್ ಇದಕ್ಕೆ ಬರುವುದಿಲ್ಲ.

2. ಕಲ್ಲು: ಬಟ್ಟೆ ಒಗೆಯುವ ಕಲ್ಲು, ಮನೆಯ ಕಲ್ಲಿನ ಮೆಟ್ಟಿಲು ಹೆಚ್ಚಾಗಿ ಗ್ರಾನೈಟ್. ಅದರಲ್ಲಿ ಸ್ಫಟಿಕದ ಕಣಗಳಿರುತ್ತವೆ. ನಯವಾದ ಜಾಗವನ್ನೇ ಆರಿಸಿ, ನೀರು ಹಾಕಿ ಮಸೆಯಿರಿ. ತೀರಾ ಮೊಂಡಾದ ಕತ್ತಿಗೆ ಇದು ಸರಿ, ಆದರೆ ಅಂಚು ಒರಟಾಗಿ ಉಳಿಯುತ್ತದೆ.

3. ಸ್ಯಾಂಡ್‌ಪೇಪರ್: ಹಾರ್ಡ್‌ವೇರ್ ಅಂಗಡಿಯಲ್ಲಿ 400 ಮತ್ತು 1000 ಸಂಖ್ಯೆಯವು ಸಿಗುತ್ತವೆ. ಸಂಖ್ಯೆ ದೊಡ್ಡದಾದಷ್ಟೂ ಕಣ ಸಣ್ಣದು. ಸಮತಟ್ಟಾದ ಟೈಲ್ ಮೇಲೆ ಹಾಸಿ, ಚಾಕುವಿನ ಬೆನ್ನು ಮುಂದೆ, ಅಂಚು ಹಿಂದೆ ಬರುವಂತೆ ಎಳೆಯಿರಿ. ಇಲ್ಲವಾದರೆ ಕಾಗದ ಹರಿಯುತ್ತದೆ.

4. ಚರ್ಮದ ಬೆಲ್ಟ್ ಅಥವಾ ಹಳೆಯ ಪತ್ರಿಕೆ: ಇವು ಉಕ್ಕಿಗಿಂತ ಮೃದು. ಲೋಹವನ್ನು ಸವೆಸುವ ಬದಲು, ಮಸೆದ ಮೇಲೆ ಉಳಿಯುವ ಸಿಬಿರನ್ನು ತೆಗೆದು ಅಂಚನ್ನು ನೇರ ಮಾಡುತ್ತವೆ. ಇದು ಕೊನೆಯ ಹಂತ.

ಕಪ್ಪಿನ ಮೇಲೆ ಮಸೆಯುವ ಕ್ರಮ

ಒದ್ದೆ ಬಟ್ಟೆಯನ್ನು ಮಡಚಿ ಅದರ ಮೇಲೆ ಕಪ್ಪನ್ನು ಬೋರಲು ಇಡಿ, ಜಾರಬಾರದು. ಅಲಗು ಮತ್ತು ಕಪ್ಪಿನ ತಳದ ನಡುವೆ ಸುಮಾರು 20 ಡಿಗ್ರಿ ಕೋನ ಇರಲಿ. ಕೋನಮಾಪಕ ಬೇಡ, ತ್ರಿಕೋನಮಿತಿ ಸಾಕು. ಅಲಗಿನ ಅಗಲ 3 ಸೆಂ.ಮೀ. ಇದ್ದರೆ ಬೆನ್ನನ್ನು 1 ಸೆಂ.ಮೀ. ಎತ್ತಿ. ಸೈನ್ ಬೆಲೆ 1/3, ಕೋನ ಸುಮಾರು 19.5 ಡಿಗ್ರಿ. ಅಗಲದ ಮೂರನೇ ಒಂದು ಭಾಗ ಎಂದು ನೆನಪಿಟ್ಟರೆ ಯಾವ ಚಾಕುವಿಗೂ ಆಗುತ್ತದೆ.

ಉಂಗುರದಿಂದ ತೆಳುವಾದ ಹೋಳು ಕತ್ತರಿಸುವವರಂತೆ, ಹಿಡಿಯ ಕಡೆಯಿಂದ ತುದಿಯವರೆಗೆ ಹಗುರವಾಗಿ ಎಳೆಯಿರಿ. ಒಂದು ಬದಿಗೆ ಹತ್ತು ಸಲ ಎಳೆದ ಮೇಲೆ ಇನ್ನೊಂದು ಬದಿಯನ್ನು ಹೆಬ್ಬೆರಳಿನಿಂದ ಬೆನ್ನಿನಿಂದ ಅಂಚಿನ ಹೊರಕ್ಕೆ ಮೆಲ್ಲಗೆ ಸವರಿ. ಅಂಚಿನ ಉದ್ದಕ್ಕೆ ಎಂದೂ ಸವರಬೇಡಿ. ಬೆರಳಿಗೆ ಸಣ್ಣ ತರಿ ತಾಗಿದರೆ ಅದೇ ಸಿಬಿರು: ಲೋಹ ಅಂಚಿನವರೆಗೂ ಸವೆದಿದೆ ಎಂಬ ಸಾಕ್ಷಿ. ತಾಗದಿದ್ದರೆ ಇನ್ನಷ್ಟು ಮಸೆಯಿರಿ. ಬಳಿಕ ಇನ್ನೊಂದು ಬದಿಗೂ ಅಷ್ಟೇ. ಕೊನೆಗೆ ಎರಡೂ ಬದಿಗೆ ಒಂದೊಂದರಂತೆ ನಾಲ್ಕೈದು ಸಲ ತೀರಾ ಹಗುರವಾಗಿ ಎಳೆದು, ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಹತ್ತು ಸಲ ಸವರಿ. ಚಾಕುವನ್ನೂ ಕಪ್ಪನ್ನೂ ಚೆನ್ನಾಗಿ ತೊಳೆಯಿರಿ, ಉಕ್ಕಿನ ಪುಡಿ ಅಡುಗೆಗೆ ಸೇರಬಾರದು.

ಪರೀಕ್ಷೆಗೆ ಪತ್ರಿಕೆಯ ಹಾಳೆ ಅಥವಾ ಟೊಮೆಟೊ ಸಾಕು, ಬೆರಳು ಬೇಡ. ಈಳಿಗೆ ಮಣೆಯಾದರೆ ಅಲಗು ಕದಲುವುದಿಲ್ಲ. ಅಲ್ಲಿ ಕಲ್ಲನ್ನೇ ಕೈಯಲ್ಲಿ ಹಿಡಿದು, ಬೆರಳು ಅಂಚಿನಿಂದ ದೂರ ಇರುವಂತೆ ಮಸೆಯಬೇಕು.

ಯಾವುದಕ್ಕೆ ಇದು ಸಾಲದು?

ಗರಗಸದಂಥ ಹಲ್ಲಿರುವ ಬ್ರೆಡ್ ಚಾಕುವನ್ನೂ ಬಿಳಿಯ ಸೆರಾಮಿಕ್ ಚಾಕುವನ್ನೂ ಹೀಗೆ ಮಸೆಯಬೇಡಿ. ಕಾರಿನ ಕಿಟಕಿ ಗಾಜಿನ ಅಂಚಿನಲ್ಲಿ ಉಜ್ಜುವವರಿದ್ದಾರೆ. ಗಾಜು ಸುಮಾರು 5.5, ಉಕ್ಕನ್ನು ಹೆಚ್ಚೇನೂ ಸವೆಸದು, ಕೈ ಜಾರಿದರೆ ಅಪಾಯ ಮಾತ್ರ.

ಅಲಗಿನಲ್ಲಿ ಕಚ್ಚು ಬಿದ್ದಿದ್ದರೆ ಸಾಣೆ ಹಿಡಿಯುವವರಿಗೇ ಕೊಡಿ. ಕುರ್ಬಾನಿಯ ಕತ್ತಿಯೂ ಅಷ್ಟೇ. ಪ್ರಾಣಿಗೆ ನೋವು ಕಡಿಮೆಯಾಗಲು ಕತ್ತಿ ಹರಿತವಾಗಿರಲೇಬೇಕು, ಅಲ್ಲಿ ಕಪ್ಪಿನ ತಳವನ್ನು ನಂಬುವಂತಿಲ್ಲ. ಸೈಕಲ್ ತುಳಿಯುತ್ತಾ ಸಾಣೆ ತಿರುಗಿಸುವವರನ್ನು ಗಮನಿಸಿ: ಅಲಗನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿಯುವುದಿಲ್ಲ, ಮತ್ತೆ ಮತ್ತೆ ಎತ್ತುತ್ತಾರೆ. ಹಾರುವ ಕಿಡಿಗಳು ಕಾದ ಉಕ್ಕಿನ ಕಣಗಳು. ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಅಂಚು ನೀಲಿಯಾಗುತ್ತದೆ, ಉಕ್ಕು ಹದ ಕಳೆದುಕೊಂಡು ಬೇಗ ಮೊಂಡಾಗುತ್ತದೆ. ಉಷ್ಣದ ಈ ಪಾಠವನ್ನು ಅವರು ಕೈಯಿಂದಲೇ ಕಲಿತಿದ್ದಾರೆ.

ಮಾಡಿ ನೋಡಿ

1. ನಿಮ್ಮ ಮನೆಯ ಚಾಕುವಿನ ಅಲಗನ್ನು ಅಳೆದು, ಬೆನ್ನನ್ನು ಎಷ್ಟು ಎತ್ತಬೇಕೆಂದು ಲೆಕ್ಕ ಹಾಕಿ.

2. ಮಸೆಯುವ ಮೊದಲು ಮತ್ತು ನಂತರ ಒಂದೇ ಗಾತ್ರದ ಟೊಮೆಟೊ ಕತ್ತರಿಸಿ, ವ್ಯತ್ಯಾಸ ಬರೆದಿಡಿ.

ಹಿರಿಯರ ಒಪ್ಪಿಗೆ ಪಡೆದು, ಅವರು ಜೊತೆಗಿರುವಾಗ ಮಾಡಿ. ಮಸೆದ ಮೇಲೆ ಚಾಕು ಹರಿತವಾಗಿದೆ ಎಂದು ಮನೆಯವರಿಗೆಲ್ಲ ತಪ್ಪದೆ ಹೇಳಿ. ಮೊಂಡು ಚಾಕುವಿಗೆ ಒಗ್ಗಿಹೋದ ಕೈ ಅದೇ ಬಲ ಹಾಕೀತು.